ಅತ್ತೆ ಕೊಟ್ಟ ಕಿಡ್ನಿ

ನಮ್ಮ ವಾಲ್ಯೆವೊ ಊರಿನಲ್ಲಿ ಹೆಂಗಸರು ಕಲ್ಲಿನ ಮೇಲೆ ಕೂರುವಂತಿಲ್ಲ. ಕೂತರೆ ಕಿಡ್ನಿಗೆ ಥಂಡಿ ಹಿಡಿಯುತ್ತದೆ ಎಂದು ಮೂರು ವರ್ಷದ ಮಗುವಿಗೂ ಗೊತ್ತು. ಹಾಗಿರುವಾಗ ನನ್ನಂಥವಳ ಪಾಡು ಕೇಳಬೇಕೆ? ನನ್ನ ಎರಡೂ ಕಿಡ್ನಿ ಕೈಕೊಟ್ಟು, ನಾಲ್ಕು ವರ್ಷ ಡಯಾಲಿಸಿಸ್ ಯಂತ್ರಕ್ಕೆ ತೋಳು ಒಡ್ಡಿ, ಕಡೆಗೆ ಅತ್ತೆ ದೆಸಾಂಕಾ ತಮ್ಮದೊಂದನ್ನು ಕೊಟ್ಟು ನನ್ನನ್ನು ಉಳಿಸಿಕೊಂಡರು. ಅಂದಿನಿಂದ ನಾನು ಅಂಗಳದ ಮೆಟ್ಟಿಲ ಮೇಲೆ ಕೂತರೆ ಸಾಕು, ಕಿಟಕಿಯಿಂದ ಕೂಗು ಬರುತ್ತದೆ.

"ಏಯ್ ಬಿಲ್ಯಾನಾ, ದಿಂಬು ಹಾಕ್ಕೊಂಡು ಕೂತ್ಕೊ! ಒಳಗಿರೋದು ನನ್ನ ಕಿಡ್ನಿ!"

ಸಾಲದ್ದಕ್ಕೆ ಉಣ್ಣೆಯ ಪಟ್ಟಿ ಹೆಣೆದು ನನ್ನ ಬೆನ್ನಿಗೆ ಬಿಗಿದರು. ಹೊಸ ಕಿಡ್ನಿ ಇರುವುದು ಬೆನ್ನಲ್ಲಲ್ಲ, ಮುಂದೆ, ಬಲಗಡೆಯ ಕಿಬ್ಬೊಟ್ಟೆಯಲ್ಲಿ. ಅದನ್ನು ಹೇಳಿದರೆ, "ಕಿಡ್ನಿ ಎಲ್ಲಿರುತ್ತೆ ಅಂತ ನನಗೇ ಪಾಠ ಹೇಳ್ತೀಯಾ?" ಎನ್ನುತ್ತಿದ್ದರು.

ಅದಿರಲಿ, ನನ್ನ ಸಂಕಟವೇ ಬೇರೆ. ಡಯಾಲಿಸಿಸ್ ಕಾಲದಲ್ಲಿ ಮುಟ್ಟು ನಿಂತಿತ್ತು, ಗಂಡ ರಾದೊವಾನನ ಮೇಲಿನ ಆಸೆಯೂ ಸತ್ತಿತ್ತು. ಆಪರೇಷನ್ ಆಗಿ ಮೂರು ತಿಂಗಳಿಗೆ ಎರಡೂ ಮರಳಿ ಬಂದವು. ಮೂವತ್ತೆಂಟರ ಹೆಂಗಸು ಹದಿನೆಂಟರವಳ ಹಾಗೆ ರಾದೊವಾನನ ಕತ್ತನ್ನೇ ನೋಡುತ್ತ ಕೂರುತ್ತಿದ್ದೆ. ಅವನೋ, ನಾನು ಆಪರೇಷನ್ ಮುಗಿಸಿ ಮನೆಗೆ ಬಂದ ದಿನ ದಿಂಬು ಹೊತ್ತು ಹಜಾರದ ಸೋಫಾಕ್ಕೆ ಹೋದವನು ಒಂಬತ್ತು ತಿಂಗಳಾದರೂ ವಾಪಸ್ ಬಂದಿರಲಿಲ್ಲ. ಹೊಸ ಕಿಡ್ನಿ ಉಳಿಸುವ ಮಾತ್ರೆಗಳಿಂದ ನನ್ನ ಮುಖ ಬನ್ನಿನಂತೆ ಊದಿತ್ತು, ಗಲ್ಲದ ಮೇಲೆ ಕೂದಲು ಬಂದಿತ್ತು. ನಾನು ಅವನಿಗೆ ಬೇಡವಾದೆ ಎಂದುಕೊಂಡೆ. ಈರುಳ್ಳಿ ಹೆಚ್ಚುವ ನೆಪದಲ್ಲಿ ದಿನವೂ ಅಳುತ್ತಿದ್ದೆ. ಅಷ್ಟೊಂದು ಈರುಳ್ಳಿ ಯಾರು ತಿನ್ನಬೇಕು!

ಸೆಪ್ಟೆಂಬರಿನಲ್ಲಿ ನನಗೂ ಅತ್ತೆಗೂ ಒಂದೇ ದಿನ ತಪಾಸಣೆ ಇತ್ತು. ಡಾಕ್ಟರ್ ಗೋರ್ದಾನಾ ನನ್ನ ರಿಪೋರ್ಟು ನೋಡಿ, "ಗಂಡನ ಜೊತೆ ಹೇಗಿದ್ದೀರಿ? ಕೂಡುವಾಗ ನೋವು ಗೀವು ಏನಾದ್ರೂ?" ಎಂದು ಕೇಳುತ್ತ ಅತ್ತೆಯ ಕಡೆ ತಿರುಗಿದರು. "ಅಮ್ಮ, ನೀವು ಸ್ವಲ್ಪ ಹೊರಗಿರಿ."

"ನನ್ನ ಕಿಡ್ನಿ ಒಳಗೇ ಇರುತ್ತಲ್ಲ, ನಾನ್ಯಾಕೆ ಹೊರಗೆ?" ಅತ್ತೆ ಅಲುಗಲಿಲ್ಲ.

ನನಗೆ ರೇಗಿಹೋಯಿತು. "ಇರ್ಲಿ ಬಿಡಿ, ಅವರೂ ಕೇಳಿಸ್ಕೊಳ್ಲಿ. ನೋವಾಗೋಕೆ ಏನಾದ್ರೂ ನಡೀಬೇಕಲ್ಲ ಡಾಕ್ಟ್ರೇ! ಒಂಬತ್ತು ತಿಂಗಳಿಂದ ಆ ಸೋಫಾನೇ ಅವನ ಹೆಂಡ್ತಿ."

ಡಾಕ್ಟರು ನಗಲಿಲ್ಲ. ಗಾಯ ಎಂದೋ ಮಾಗಿದೆ, ಕಿಡ್ನಿಗೆ ಏನೂ ಆಗದು, ಮಾತ್ರೆಗಳು ಮಗುವಿಗೆ ಆಗಿಬರುವುದಿಲ್ಲವಾದ್ದರಿಂದ ಸದ್ಯಕ್ಕೆ ಬಸಿರಾಗದಂತೆ ಎಚ್ಚರವಿರಲಿ ಎಂದರು. ಅಳುವಿನಲ್ಲಿ ಮಾತ್ರೆಯ ಪಾಲೂ ಇದೆಯೆಂದು ಒಂದನ್ನು ಕಡಿಮೆ ಮಾಡಿದರು. "ಉಳಿದದ್ದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಗಂಡನ್ನೇ ಕೇಳಿ."

ಬಸ್ಸಿನಲ್ಲಿ ಅತ್ತೆ ತುಟಿ ಬಿಚ್ಚಲಿಲ್ಲ. ಮದುವೆಯಾದ ಮೇಲೆ ಅಂಥದ್ದನ್ನು ನಾನು ಕಂಡದ್ದು ಅದೇ ಮೊದಲು.

ಮನೆಯಲ್ಲಿ ರಾದೊವಾನ್ ಚಳಿಗಾಲದ ಐವಾರ್ ಚಟ್ನಿಗೆ ಅಂಗಳದ ತಗಡಿನ ಒಲೆಯ ಮೇಲೆ ಕೆಂಪು ಮೆಣಸಿನಕಾಯಿ ಸುಡುತ್ತಿದ್ದ. ಅತ್ತೆ ಚೀಲವನ್ನೂ ಕೆಳಗಿಡದೆ ಕೇಳಿದರು. "ಲೋ, ಹೆಂಡ್ತಿ ಹತ್ರ ಯಾಕೋ ಮಲಗ್ತಿಲ್ಲ?"

ಬೇಲಿಯಾಚೆ ನಮ್ಮಂತೆಯೇ ಮೆಣಸಿನಕಾಯಿ ಸುಡುತ್ತಿದ್ದ ಪಕ್ಕದ ಮನೆಯವರ ಇಕ್ಕಳದ ಸದ್ದು ನಿಂತಿತು.

"ಅಮ್ಮಾ! ಮೆಲ್ಲಗೆ!"

"ಇವಳ ಮುಖ ಊದಿದೆ ಅಂತಾನಾ?"

"ಅಯ್ಯೋ, ಅವಳ ಮುಖಕ್ಕೇನಾಗಿದೆ? ದುಂಡಗೆ ಮುದ್ದಾಗಿದೆ."

"ಮತ್ತೇನೋ ರೋಗ ನಿನಗೆ?"

"ನೀನಮ್ಮಾ, ನೀನು!" ರಾದೊವಾನ್ ಮೆಣಸಿನಕಾಯಿಗಿಂತ ಕೆಂಪಾದ. "ನನ್ನ ಕಿಡ್ನಿ, ನನ್ನ ಕಿಡ್ನಿ ಅಂತ ದಿನಾ ಕೂಗ್ತೀಯ. ಇವಳನ್ನ ಮುಟ್ಟೋಕೆ ಹೋದ್ರೆ ನೀನೇ ಮಧ್ಯದಲ್ಲಿ ಮಲಗಿದ ಹಾಗಾಗುತ್ತೆ. ಹೆತ್ತ ತಾಯಿ ಎದುರಿಗೆ ಹೆಂಗಮ್ಮ..."

ನಾನು ಆಪರೇಷನ್ನಿನ ಹೊಲಿಗೆಯ ಗುರುತಿನ ಮೇಲೆ ಕೈಯೊತ್ತಿಕೊಂಡು ನಕ್ಕೆ. ನಗುನಗುತ್ತಲೇ ಅಳು ಬಂತು, ಕೋಪವೂ ಬಂತು. "ಇಷ್ಟೇನಾ? ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ? ನನ್ನ ಅಷ್ಟೂ ಈರುಳ್ಳಿ ದಂಡವಾಯ್ತಲ್ಲೋ!"

ಅತ್ತೆ ಮಾತ್ರ ನಗಲಿಲ್ಲ. "ಪೆದ್ದ ಮುಂಡೇದೇ, ಆ ಕಿಡ್ನಿ ನಿಮ್ಮಪ್ಪನ ಜೊತೆ ಮೂವತ್ತೈದು ವರ್ಷ ಸಂಸಾರ ಮಾಡಿದೆ. ಅದು ಕಾಣದೇ ಇರೋದು ಏನಿದೆಯೋ?"

ಬೇಲಿಯಾಚೆ ಯಾರೋ ಕಿಸಕ್ಕನೆ ನಕ್ಕರು.

ಅತ್ತೆ ಒಳಗೆ ಹೋಗಿ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ತಂದರು, ನನಗೆ ನೀರು. ಏನನ್ನಾದರೂ ಮನಸಾರೆ ಕೊಟ್ಟಾಗ ನಮ್ಮಲ್ಲಿ 'ಅಲಾಲ್' ಎನ್ನಬೇಕು. ಅಂದ ಮೇಲೆ ಕೊಟ್ಟವರಿಗೆ ಅದರ ಮೇಲೆ ಹಕ್ಕಿಲ್ಲ.

"ಆಪರೇಷನ್ ಗಡಿಬಿಡೀಲಿ ಹೇಳೋದೇ ಮರೆತೆ," ಎನ್ನುತ್ತ ನನ್ನ ಬೆನ್ನಿನ ಉಣ್ಣೆಪಟ್ಟಿ ಬಿಚ್ಚಿದರು. ಆಮೇಲೆ ಬಲಗಡೆಯ ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟರು. "ಇಲ್ಲೇ ತಾನೇ? ಅಲಾಲ್, ಮಗಳೇ."

ನಾನು ಅವರನ್ನು ತಬ್ಬಿಕೊಂಡೆ. ಎಷ್ಟು ಹೊತ್ತಾದರೂ ಬಿಡಲು ಮನಸ್ಸಾಗಲಿಲ್ಲ.

ಅರ್ಧ ಗಂಟೆಯಲ್ಲಿ ಅತ್ತೆ, ತಂಗಿಯ ಮನೆಯಲ್ಲಿ ಎರಡು ದಿನ ಇದ್ದು ಬರುತ್ತೇನೆಂದು ಹೊರಟೇಬಿಟ್ಟರು. ರಾದೊವಾನ್ ಸೋಫಾದ ಮೇಲಿನ ದಿಂಬು ಎತ್ತಿಕೊಂಡು ಬಂದ. ಒಲೆಯ ಮೇಲಿನ ಮೆಣಸಿನಕಾಯಿಯನ್ನು ಇಬ್ಬರೂ ಮರೆತಿದ್ದೆವು. ಅದು ಸೀದು ಒಳಗೆಲ್ಲ ತುಂಬಿದ್ದ ಹೊಗೆ ಹೋಗಲೆಂದು ಬೀದಿ ಕಡೆಗಿದ್ದ ಮಲಗುವ ಕೋಣೆಯ ಕಿಟಕಿ ತೆರೆದೆ. ಗೇಟು ದಾಟಿದ್ದ ಅತ್ತೆ ತಿರುಗಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

"ಬಿಲ್ಯಾನಾ! ಕಿಟಕಿ ಮುಚ್ಕೊ! ನಿನ್ನ ಕಿಡ್ನಿಗೆ ಗಾಳಿ ಹೊಡೆಯುತ್ತೆ!"

ನಿನ್ನ ಕಿಡ್ನಿ ಎಂದರು. ನಾನು ಕೂಡಲೇ ಕಿಟಕಿ ಮುಚ್ಚಿದೆ.