ಸೆರಿನಕ್ಕನ ಗುರುತಿಗಿಂತ ಮೇಲೆ

ಕಾಲಡಿಯ ಕಂಪನ ಯಂತ್ರದ ಉದ್ದನೆಯ ಹಲಗೆ ಗುಂಯ್‌ಗುಡುತ್ತ ನಡುಗುತ್ತಿತ್ತು. ಹಿಮ್ಮಡಿಯಿಂದ ಹೊರಟ ಆ ನಡುಕ ಮೀನಖಂಡವನ್ನು ಹಿಂಡಿ, ಹಲ್ಲುಗಳನ್ನು ಕಟಕಟಿಸಿ, ಆಗಷ್ಟೇ ಕುಡಿದ ಬಾರ್ಲಿ ಚಹಾವನ್ನು ಗಂಟಲಿಗೆ ತಂದು ನಿಲ್ಲಿಸಿತ್ತು. ಯಾಂಗ್ ದಾಮಿ ಅದನ್ನು ನುಂಗಿಕೊಂಡಳು. ನುಂಗಲಾಗದೆ ಉಳಿದದ್ದು ಎದುರಿನ ಗೋಡೆ.

ಹಲಗೆ ಹತ್ತುವ ಮುನ್ನ ಹುಡುಗಿಯರೆಲ್ಲ ಬೆರಳಿಗೆ ಸುಣ್ಣದ ಪುಡಿ ಹಚ್ಚಿಕೊಂಡು, ಹಾರಿ, ಆ ಗೋಡೆಯ ಮೇಲೆ ಗುರುತು ಮಾಡಿದ್ದರು. ಎಲ್ಲಕ್ಕಿಂತ ಮೇಲೆ ನಾಯಕಿ ಪ್ಯೋ ಸೆರಿನ್‌ಳ ಗುರುತು. ಉಳಿದವರದ್ದೆಲ್ಲ ಸರಿಯಾಗಿ ಒಂದು ಬೆರಳು ಕೆಳಗೆ, ಸೆರಗಿನ ಅಂಚಿನ ಹಾಗೆ ಸಾಲಾಗಿ. ಹೆಗಲಿಗೆ ಟವೆಲ್ ಹಾಕಿಕೊಂಡು ಗೋಡೆಯ ಬುಡದಲ್ಲೇ ನಿಂತಿದ್ದ ಸೆರಿನ್, ಪ್ರತಿಯೊಬ್ಬಳೂ ಹಾರುವ ಮುನ್ನ ಒಮ್ಮೆ ಕೆಮ್ಮಿದ್ದಳು. ದೇಜೋನ್ ನಗರದ ಆ ಕಾಲೇಜು ವಾಲಿಬಾಲ್ ತಂಡದಲ್ಲಿ ಅಷ್ಟು ಸಾಕಿತ್ತು. ಹಿರಿಯಳ ಗುರುತನ್ನು ಕಿರಿಯಳು ದಾಟುವ ಪದ್ಧತಿ ಅಲ್ಲಿರಲಿಲ್ಲ.

ನಡುಕ ನಿಂತಿತು. ಅಷ್ಟರಲ್ಲಿ ಸೆರಿನ್ ಬೆನ್ನು ತಿಕ್ಕಿಸಿಕೊಳ್ಳಲು ಒಳಗೆ ಹೋಗಿದ್ದಳು. ಹುಡುಗಿಯರು ಮತ್ತೆ ಹಾರಿದರು. ಈ ಬಾರಿ ಕೆಮ್ಮುವವರಿರಲಿಲ್ಲ. ಗುರುತುಗಳು ಹಳೆಯ ಸಾಲನ್ನು ಬಿಟ್ಟು ಮೇಲೇರಿದವು.

"ನೋಡಿದ್ರಾ ಡಾಕ್ಟ್ರೇ!" ತರಬೇತುದಾರ ಮೆಂಗ್ ತೊಡೆ ತಟ್ಟಿಕೊಂಡರು. "ಹಲಗೆ ಅಂದ್ರೆ ಹೀಗಿರ್ಬೇಕು!"

ಹಲಗೆಯ ಪರೀಕ್ಷೆ ನಡೆಸಲು ಬಂದಿದ್ದ ಸಂಶೋಧಕಿ ಕೂ ದಾಮಿಯ ಹಿಮ್ಮಡಿಯ ಮೇಲಿನ ನರಕ್ಕೆ ರಬ್ಬರಿನ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು. ಹಲಗೆ ಹತ್ತುವ ಮುನ್ನ ಅದೇ ಏಟಿಗೆ ಪಾದ ಕಪ್ಪೆಯಂತೆ ಚಿಮ್ಮಿತ್ತು. ಈಗ ಅಲುಗಿತು, ಅಷ್ಟೆ.

"ಸರ್, ನಡುಕ ನಿಂತ್ಮೇಲೂ ಸ್ವಲ್ಪ ಹೊತ್ತು ಸ್ನಾಯು ಮಂಕಾಗಿರತ್ತೆ. ತಾನಾಗೇ ಚಿಮ್ಮೋ ಶಕ್ತಿ ಇಳಿದಿದೆ. ಈ ಕಾಲಲ್ಲಿ ಆಡಿಸೋದು…"

"ಗೋಡೆ ಸುಳ್ಳು ಹೇಳತ್ತಾ?" ಮೆಂಗ್ ನಕ್ಕರು. "ನಾಡಿದ್ದು ಫೈನಲ್. ಅಂಕಣಕ್ಕೆ ಇಳಿಯೋ ಮುಂಚೆ ಎಲ್ರೂ ಹಲಗೆ ಮೇಲೆ. ಇದರ ಎರಡರಷ್ಟು ಹೊತ್ತು!"

ಕೂ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡರು. ಕಳೆದ ಶರತ್ಕಾಲದಲ್ಲಿ ಹಾರಿ ಇಳಿಯುವಾಗ ದಾಮಿಯ ಕಣಕಾಲು ಹೊರಳಿ, ಒಳಗೆ ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಹರಿದಿತ್ತು. ಇನ್ನೊಮ್ಮೆ ಹರಿದರೆ ಆಟ ಮುಗಿದಂತೆ ಎಂದಿದ್ದರು ವೈದ್ಯರು. ಹೊರಳುವ ಪಾದವನ್ನು ಆ ಕ್ಷಣದಲ್ಲಿ ಕಾಯುವುದು ಯಾರ ಅಪ್ಪಣೆಗೂ ಕಾಯದ ಆ ಚಿಮ್ಮುವಿಕೆ ಒಂದೇ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಸೆರಿನ್ ಕಿತ್ತಳೆ ಸುಲಿಯುತ್ತ ಕುಳಿತಿದ್ದಳು.

"ಅಕ್ಕಾ, ನೀವೇ ಸರ್‌ಗೆ ಒಂದು ಮಾತು ಹೇಳಿ," ದಾಮಿ ಬೇಡಿದಳು. "ನಿಮ್ಮೆದುರು ನಾವು ತಗ್ಗಿ ಹಾರಿದ್ವಿ ಅಂತ. ಇಲ್ದಿದ್ರೆ ನನ್ನ ಕಾಲು ಉಳಿಯಲ್ಲ."

"ಓಹೋ! ಹಾಗಾದ್ರೆ ನನ್ನ ಮರ್ಯಾದೆ ನೀವು ಹಾಕಿದ ಭಿಕ್ಷೆ ಅನ್ನು." ಸೆರಿನ್ ಸಿಪ್ಪೆಯನ್ನು ದಾಮಿಯ ಪಾದದ ಬಳಿ ಎಸೆದಳು. "ಎತ್ತು."

ದಾಮಿ ಬಗ್ಗಿ ಎತ್ತಿದಳು. ಆ ರಾತ್ರಿ ಊಟಕ್ಕೆ ಕುಳಿತಾಗ ಬೆರಳುಗಳಿಂದ ಕಿತ್ತಳೆಯ ವಾಸನೆ ಎದ್ದಿತು; ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಸೆರಿನ್‌ಳ ಮೇಲಿನ ಹೇಸಿಗೆಗಿಂತ, ಕೇಳಿದ ಕೂಡಲೇ ಬಗ್ಗಿದ ತನ್ನ ಬೆನ್ನಿನ ಮೇಲಿನ ಹೇಸಿಗೆಯೇ ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ತಂಡ ಸೇರಿತು. ಹಲಗೆಯ ಗುಂಡಿಯನ್ನು ಇನ್ನೂ ಯಾರೂ ಒತ್ತಿರಲಿಲ್ಲ. ದಾಮಿ ನೇರವಾಗಿ ಗೋಡೆಯ ಬಳಿಗೆ ನಡೆದು ಬೆರಳುಗಳನ್ನು ಸುಣ್ಣದ ಪುಡಿಯಲ್ಲಿ ಅದ್ದಿದಳು.

ಸೆರಿನ್ ಕೆಮ್ಮಿದಳು.

ದಾಮಿ ಮೊಣಕಾಲು ಮಡಿಸಿದಳು. ಸೆರಿನ್ ಮತ್ತೆ, ಗಟ್ಟಿಯಾಗಿ ಕೆಮ್ಮಿದಳು. ದಾಮಿ ಹಾರಿದಳು.

ಗುರುತು ಸೆರಿನ್‌ಳದ್ದಕ್ಕಿಂತ ಗೇಣು ಮೇಲೆ ಬಿದ್ದಿತು.

"ಹಲಗೆ ಹತ್ತದೇ ಹಾರಿದ್ದು ಸರ್," ದಾಮಿ ಮೆಂಗ್ ಎದುರು ಬಂದು ನಿಂತಳು. "ನಿನ್ನೆ ಮೊದಲು ಕಮ್ಮಿ ಹಾರಿದ್ದು ಅಕ್ಕ ಎದುರಿಗಿದ್ರು ಅಂತ. ಆಮೇಲೆ ಜಾಸ್ತಿ ಹಾರಿದ್ದು ಅವರು ಇರಲಿಲ್ಲ ಅಂತ. ಹಲಗೆಯಿಂದ ಅಲ್ಲ."

ಮೆಂಗ್ ಗೋಡೆಯನ್ನು ನೋಡಿದರು. ಸೆರಿನ್‌ಳನ್ನು ನೋಡಿದರು. ನಿಧಾನವಾಗಿ ಅವರ ಮುಖ ಅರಳಿತು.

"ಕಂಡ್ರೇನ್ರೇ?" ಚಪ್ಪಾಳೆ ತಟ್ಟಿದರು. "ನಿನ್ನೆ ಹತ್ತಿದ್ದು, ಇವತ್ತೂ ಮೈಯಲ್ಲಿ ಕೆಲಸ ಮಾಡ್ತಾ ಇದೆ! ಎಂಥಾ ಹಲಗೆ!"

ದಾಮಿ ಸಂಶೋಧಕಿಯತ್ತ ತಿರುಗಿದಳು. ಕೂ ತಲೆ ತಗ್ಗಿಸಿ ತಂತಿ ಸುತ್ತುವುದರಲ್ಲಿ ಮಗ್ನರಾಗಿದ್ದರು.

"ನಾನು ಹತ್ತಲ್ಲ ಸರ್. ನಾಳೇನೂ ಹತ್ತಲ್ಲ."

"ಹಾಗಾದ್ರೆ ಬೆಂಚಿನ ಮೇಲೆ ಕೂತು ಫೈನಲ್ ನೋಡು."

ದಾಮಿ ಹೋಗಿ ಬೆಂಚಿನ ಮೇಲೆ ಕುಳಿತಳು. ಮಿಕ್ಕವರು ಒಬ್ಬೊಬ್ಬರಾಗಿ ಹಲಗೆ ಹತ್ತಿದರು, ಸೆರಿನ್ ಎಲ್ಲರಿಗಿಂತ ಮೊದಲು. ಎಲ್ಲರ ಕೆನ್ನೆಗಳೂ ತಟ್ಟೆಯಲ್ಲಿಟ್ಟ ಹಾಲುಬಾಯಿಯಂತೆ ಅದುರತೊಡಗಿದವು.

"ಇ-ಇ-ಇನ್ಮೇಲೆ ನ-ನನ್ನ ಅಕ್ಕ ಅ-ಅನ್ಬೇಡ!" ಅಲ್ಲಿಂದಲೇ ಸೆರಿನ್ ಕೂಗಿದಳು. ಯಂತ್ರ ಆ ಸಿಟ್ಟನ್ನೂ ತುಂಡುತುಂಡಾಗಿ ಅಲುಗಿಸಿ ಹೊರಗೆಸೆಯಿತು.

ದಾಮಿ ಮುಖ ತಿರುಗಿಸಿ, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿಕೊಂಡು, ಹಿಮ್ಮಡಿಯ ನರವನ್ನು ಬೆರಳ ಗೆಣ್ಣಿನಿಂದ ತಟ್ಟಿದಳು.

ಪಾದ ಚಂಗನೆ ಚಿಮ್ಮಿತು, ಯಾರನ್ನೂ ಕೇಳದೆ.