ನೆಕ್ಕು, ನಗು

ಆ ಕಾರ್ಖಾನೆ ನಡೆಯುತ್ತಿದ್ದದ್ದೇ ಸೊಸೆಯ ನಾಲಿಗೆಯಿಂದ ಎಂದರೆ ತಪ್ಪು ತಿಳಿಯಬೇಡಿ. ಅವಳೇನೂ ಜಗಳಗಂಟಿಯಲ್ಲ, ಮಾತೇ ಕಮ್ಮಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಮರದ ಆಟಿಕೆ ಮಾಡುತ್ತಿದ್ದರು. ಗಂಡ ಯಂತ್ರದ ಮುಂದೆ ಕೂತು ಮರ ಕಡೆಯುತ್ತಿದ್ದ. ಇವಳು ಬೇರು, ತೊಗಟೆ ಕುದಿಸಿ ಬಣ್ಣ ತೆಗೆದು ಹಚ್ಚುತ್ತಿದ್ದಳು. ಮಾರುವವಳು ಅತ್ತೆ. ಕೊಳ್ಳುವವರು ಬಂದರೆ ಸಾಕು, ಆಟಿಕೆಯೊಂದನ್ನು ಎತ್ತಿ ಸೊಸೆಯ ಮುಖಕ್ಕೆ ಹಿಡಿಯುವಳು.

"ವಿಷ ಅನ್ನೋದು ಒಂದು ತೊಟ್ಟೂ ಇಲ್ಲ ನೋಡಿ. ನೆಕ್ಕು, ನಗು."

ಸೊಸೆ ನೆಕ್ಕಬೇಕು, ನಗಬೇಕು. ಬಂದವರೂ ನಗುವರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಅವಳು ಉಗುಳು ನುಂಗಿ ಸುಮ್ಮನಾಗುತ್ತಿದ್ದಳು. ಅವಳದು ಒಂದೇ ಹಟ: ಮಗಳು ಇದನ್ನು ನೋಡಕೂಡದು. ಗೇಟಿನ ಹೊರಗೆ ಗಾಡಿಯ ಸದ್ದಾದೊಡನೆ ಮೂರು ವರ್ಷದ ಪುಟ್ಟಿಯನ್ನು ಒಳಗೆ ಕಳಿಸಿ ಬಾಗಿಲು ಎಳೆಯುತ್ತಿದ್ದಳು.

ಈಚಿನ ಆಟಿಕೆ ಒಂದು ಆಮೆ. ಅದರ ಬಾಯಲ್ಲಿ ಬಟ್ಟೆಯ ಚೂರು ಸಿಕ್ಕಿರುತ್ತದೆ. ಸಮುದ್ರಕ್ಕೆ ನಾವೆಸೆದ ಕಸ ಅದು. ಮಗು ಮೆಲ್ಲಗೆ ಎಳೆದರೆ ಕಸ ಹೊರಬಂದು ಆಮೆ ತಲೆಯಾಡಿಸುತ್ತದೆ. ಮಕ್ಕಳಲ್ಲಿ ಕರುಣೆ ಹುಟ್ಟಲಿ ಎಂದು. ಯೋಚನೆ ಸೊಸೆಯದು, ಹೆಸರು ಅತ್ತೆಯದು, ಅದಿರಲಿ.

ಈ ಸಲ ಬೇರಿನ ಕೆಂಪು ಮಂಕಾಗಿ ಬಂತು. ಮರುದಿನವೇ ಶಾಲೆಯೊಂದರ ಮೇಡಂ ಬರುವವರಿದ್ದರು. ಅತ್ತೆ ಗೇಟಿಗೆ ಬಳಿದು ಉಳಿದಿದ್ದ ಪೇಂಟಿನ ಡಬ್ಬ ತಂದಿಟ್ಟಳು.

"ಬೇಡ ಅತ್ತೆ, ಮಕ್ಕಳು ಬಾಯಿಗೆ ಹಾಕ್ಕೋತಾರೆ."

"ಊರ ಮಕ್ಕಳ ಚಿಂತೆ ನಿಂಗ್ಯಾಕೆ? ಹಚ್ಚು."

ಸೊಸೆ ಗಂಡನ ಕಡೆ ನೋಡಿದಳು. ಅವನು ಯಂತ್ರ ಜೋರು ಮಾಡಿದ. ತಾಯಿ ಮಾತಾಡುವಾಗ ಅವನ ಕಿವಿಯಲ್ಲಿ ಯಾವತ್ತೂ ಮರದ ಹೊಟ್ಟು.

ಸೊಸೆ ಅದನ್ನೇ ಹಚ್ಚಿದಳು. ಮರುದಿನ ಮೇಡಂ ಬಂದರು. ಸೊಸೆ ಬಾಗಿಲು ಎಳೆಯಲು ಓಡುವಷ್ಟರಲ್ಲಿ ಅತ್ತೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಶೆಡ್ಡಿಗೆ ಬಂದಾಗಿತ್ತು.

ಪುಟ್ಟಿ ಆಮೆಯ ಬಾಯಿಂದ ಕಸ ಎಳೆದಳು. "ಪಾಪ, ಆಮೆಗೆ ನೋವಾಯ್ತು," ಎಂದು ಅದರ ಗದ್ದ ಸವರಿದಳು. ಮೇಡಂ ಕರಗಿ ನೀರಾದರು. ಆದರೂ ಮೂಗು ಸುಮ್ಮನಿರಲಿಲ್ಲ. "ಏನೋ ವಾಸನೆ ಬರ್ತಿದೆಯಲ್ಲ?"

ಅತ್ತೆ ಆಮೆಯನ್ನು ಸೊಸೆಯತ್ತ ಚಾಚಿದಳು. "ನೆಕ್ಕು, ನಗು."

ಸೊಸೆ ಅಲುಗಲಿಲ್ಲ. "ಪುಟ್ಟಿ ಮುಂದೆ ಬೇಡ ಅತ್ತೆ," ಎಂದಳು ಮೆಲ್ಲಗೆ.

"ಬೇಡ ಬಿಡು. ನೀನಲ್ದಿದ್ರೆ ನಮ್ಮ ಪುಟ್ಟಿ ಇದಾಳೆ. ಬಾಯಿ ತೆಗಿ, ಚಿನ್ನ."

ಸರಿಯಾಗಿ ಒಣಗಿಯೂ ಇರದ ಆಮೆ ಮಗುವಿನ ತುಟಿಯ ಹತ್ತಿರ ಬಂತು. ಪುಟ್ಟಿ ಬಾಯಿ ತೆರೆದಳು. ಅಜ್ಜಿ ಕೊಡುವುದೆಲ್ಲ ಸಿಹಿಯೆಂದೇ ಅವಳ ನಂಬಿಕೆ.

ಸೊಸೆ ಕಸಿದುಕೊಂಡಳು. ಬೆನ್ನು, ಹೊಟ್ಟೆ, ಕಾಲು, ಎಲ್ಲ ನೆಕ್ಕಿದಳು. ನಾಲಿಗೆ ಚುರುಗುಟ್ಟಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ನಕ್ಕಳು.

"ಬೇರಿನ ಬಣ್ಣ ಮೇಡಂ, ತುಟಿಗೆ ಹತ್ತುತ್ತೆ, ಹೊಟ್ಟೆಗೇನೂ ಆಗಲ್ಲ," ಎಂದಳು ಅತ್ತೆ.

ಮೇಡಂ ಒಪ್ಪಿ, ಶಾಲೆಯ ಮಕ್ಕಳಿಗೆಲ್ಲ ಇದೇ ಆಮೆ ಬೇಕೆಂದರು. ತನ್ನ ಮಗುವನ್ನು ಉಳಿಸಿಕೊಂಡ ನಾಲಿಗೆ ಊರ ಮಕ್ಕಳ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಿತ್ತು. ಸೊಸೆಗೆ ಅದು ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಗಾಡಿ ಹೋದ ಮೇಲೆ ಹಿತ್ತಲ ನಲ್ಲಿಯ ಮುಂದೆ ಕೂತು ನಾಲಿಗೆ ಉಜ್ಜಿದಳು. ಉಜ್ಜಿದಷ್ಟೂ ಉರಿ. ಹಿಂದೆ ಪುಟ್ಟ ಹೆಜ್ಜೆಯ ಸದ್ದಾಯಿತು. ಮರದ ಆಮೆಗೆ ನೋವಾದರೆ ಗದ್ದ ಸವರುವ ಹುಡುಗಿ, ತನ್ನ ಗದ್ದವನ್ನೂ ಸವರಲು ಬಂದಳು ಎಂದುಕೊಂಡ ತಾಯಿಯ ಕಣ್ಣು ತುಂಬಿತು. ತಿರುಗಿ ಮುಖ ಒಡ್ಡಿದಳು.

ಪುಟ್ಟಿ ತನ್ನ ಕೆಸರು ಮೆತ್ತಿದ ಚಪ್ಪಲಿಯನ್ನು ಅಮ್ಮನ ಬಾಯಿಗೆ ಹಿಡಿದಿದ್ದಳು.

"ನೆಕ್ಕು," ಎಂದಳು, ಅಜ್ಜಿಯ ಧಾಟಿಯಲ್ಲೇ. "ನಗು."

"ಎಷ್ಟು ಬೇಗ ಕಲಿತ್ಬಿಟ್ಳು ನೋಡು!" ಎಂದು ಕಿಟಕಿಯಲ್ಲಿ ನಿಂತಿದ್ದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು.