ತಗಡಿನ ಅಡಿಯ ಬೊಟ್ಟು

ಫ್ಲಾಪಿಯನ್ನು ಒಳಗೆ ತಳ್ಳಿ ರಶೀನಾ ಕಾದಳು. ಕಂಪ್ಯೂಟರು ಒಮ್ಮೆ ಗಂಟಲು ಸರಿಮಾಡಿಕೊಂಡ ಹಾಗೆ ಮಾಡಿ, ಆಮೇಲೆ ತೆಂಗಿನಕಾಯಿ ಮುಗಿದ ಬರೀ ಗೆರಟೆಯನ್ನು ಹೆರೆಯುವಂಥ ಸದ್ದು ಹೊರಡಿಸಿತು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಅದೇ ಸಾಲು ಮೂರನೆಯ ಸಲ ಬಂತು. ಈ ಡಿಸ್ಕಿನಿಂದ ಆಗುವುದಿಲ್ಲ, ಬೇರೆ ಹಾಕಿ, ಯಾವುದಾದರೂ ಕೀಲಿ ಒತ್ತಿ.

ಬೇರೆ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ. ಹನ್ನೊಂದಕ್ಕೆ ಶಾಲೆಯ ಸಂಚಾಲಕರು ಆಡಳಿತ ಮಂಡಳಿಯ ಒಬ್ಬರನ್ನು ಕರೆದುಕೊಂಡು ಲ್ಯಾಬು ನೋಡಲು ಬರುವವರಿದ್ದರು.

ನಾರಾವಿಯ ಕಡೆಯ ಆ ಪ್ರೌಢಶಾಲೆಗೆ ಅವಳು ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬರತೊಡಗಿ ಆರು ವರ್ಷವಾಗಿತ್ತು. ಬಿ.ಎಸ್ಸಿ. ಮುಗಿಸಿ, ಒಂದು ವರ್ಷ ಕಂಪ್ಯೂಟರ್ ಕಲಿತು, ತಾತ್ಕಾಲಿಕ ಎಂಬ ಮಾತಿನ ಮೇಲೆ ಸೇರಿದವಳು. ಉಳಿದ ಶಿಕ್ಷಕರೆಲ್ಲ ಮುಖ್ಯೋಪಾಧ್ಯಾಯರ ಮೇಜಿನ ಮೇಲಿನ ದಪ್ಪ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಅವಳ ಸಹಿಗೆ ಕಿಟಕಿಯ ದಂಡೆಯ ಮೇಲೆ, ಪೆನ್ನಿಗೆ ದಾರ ಕಟ್ಟಿ ಇಟ್ಟ ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಅದರಲ್ಲಿ ಹೆಸರು ಎರಡೇ: ಅವಳದು, ಮತ್ತು ಶಾಲೆ ಗುಡಿಸುವ ಸೇಸಮ್ಮನದು. ಪ್ರತಿವರ್ಷ ಮುಂದಿನ ಜೂನಿಗೆ ಖಾಯಂ ಮಾಡುವ ಎಂದು ಮುಖ್ಯೋಪಾಧ್ಯಾಯ ಲೋಕನಾಥರು ಹೇಳುತ್ತಿದ್ದರು. ಜೂನ್ ಬರುತ್ತಿತ್ತು, ನೋಟ್‌ಬುಕ್ಕು ಹೊಸತಾಗುತ್ತಿತ್ತು.

ಈ ವರ್ಷ ಮಾತ್ರ ಹುದ್ದೆ ನಿಜವಾಗಿಯೂ ಬಂದಿತ್ತು. ದುಡ್ಡು ಕೊಡದೆ ಹಾಕಿಸಿದ್ದ ವಿಂಡೋಸಿಗೆ ಬಿಲ್ಲು ಎಲ್ಲಿ ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ ಸಂಚಾಲಕರಿಗೆ ಹತ್ತಿ, ಬಿಟ್ಟಿ ಸಿಗುವ ಲಿನಕ್ಸ್ ಹಾಕಿಸಿ ಮಕ್ಕಳಿಗೆ ಅದನ್ನೇ ಕಲಿಸಬೇಕು ಎಂದಿದ್ದರು. ಲೋಕನಾಥರ ಸಂಬಳದ ಪಟ್ಟಿ, ಪತ್ರಗಳೆಲ್ಲ ವಿಂಡೋಸಿನಲ್ಲಿದ್ದವು. ಅದನ್ನು ಬಿಡಲು ಅವರು ತಯಾರಿರಲಿಲ್ಲ.

"ಎರಡೂ ಒಂದರಲ್ಲೇ ಇರ್ಲಿ ಟೀಚರ್," ಎಂದಿದ್ದರು. "ಓಡುದನ್ನು ಸಂಚಾಲಕರಿಗೆ ತೋರ್ಸುವ. ನಿಮ್ಮ ವಿಷಯ ನಾನು ಅಲ್ಲೇ ತೆಗೀತೇನೆ."

ಅದಕ್ಕಾಗಿ ಅವಳು ಮೂರು ಭಾನುವಾರ ಬಂದಿದ್ದಳು. ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ. ಹಿಡಿದುಕೊಂಡು ಕಂಪ್ಯೂಟರಿನ ಡಿಸ್ಕನ್ನು ಎರಡು ಪಾಲು ಮಾಡಿದ್ದಳು. ಮೊದಲನೆಯ ವಾರ ಪರದೆ ಎರಡು ಅಕ್ಷರ ತೋರಿಸಿ ನಿಂತುಬಿಟ್ಟಿತ್ತು. ಎರಡನೆಯ ವಾರ ಲಿನಕ್ಸ್ ಬಂತು, ವಿಂಡೋಸ್ ಹೋಯಿತು. ಲೋಕನಾಥರ ಫೈಲುಗಳೆಲ್ಲ ಹೋದವೆಂದು ಅವಳು ಸಿ.ಡಿ.ಯನ್ನು ಹೊರಗೆ ತೆಗೆದು ಮತ್ತೆ ಮತ್ತೆ ಹಾಕುತ್ತಿದ್ದ ಆ ಹೊತ್ತಿನಲ್ಲಿ, ಬಾಗಿಲ ಬಳಿ ಬೀಡಿಯ ತಡ್ಪೆ ಎಂಬ ಮೊರವನ್ನು ಮಡಿಲಲ್ಲಿಟ್ಟು ಎಲೆ ಸುತ್ತುತ್ತಿದ್ದ ಸೇಸಮ್ಮ ಎದ್ದು ಹೋಗಿ ಒಂದು ಲೋಟ ನೀರು ತಂದಿಟ್ಟಿದ್ದಳು. ಭಾನುವಾರ ಸೇಸಮ್ಮ ಬರಬೇಕಾಗಿರಲಿಲ್ಲ. ಹೆಣ್ಣು ಹೆಂಗಸು ಒಬ್ಬಳೇ ಅಷ್ಟು ದೊಡ್ಡ ಕಟ್ಟಡದಲ್ಲಿ ಕೂರುವುದೆಂದರೆ ಹೇಗೆ ಎಂದು ತಾನಾಗಿ ಬಂದವಳು.

ಮೂರನೆಯ ವಾರ ಎಲ್ಲ ಸರಿಯಾಯಿತು. ಗುಂಡಿ ಒತ್ತಿದರೆ ಪರದೆಯ ಮೇಲೆ ಎರಡು ಹೆಸರು ಬಂದು ನಿಲ್ಲುತ್ತಿದ್ದವು. ಬೇಕಾದದ್ದನ್ನು ಆರಿಸಿಕೊಳ್ಳಲು ಹತ್ತು ಸೆಕೆಂಡು. ಏನೂ ಒತ್ತದಿದ್ದರೆ ವಿಂಡೋಸ್ ತಾನಾಗಿ ಏಳುವ ಹಾಗೆ ಮಾಡಿ ಎಂದು ಲೋಕನಾಥರು ಕೇಳಿದ್ದರು, ಹಾಗೆಯೇ ಮಾಡಿಕೊಟ್ಟಿದ್ದಳು. ಎಂಟನೆಯ ತರಗತಿಯ ಮಕ್ಕಳಿಗೆ ಅವಳು ಅದನ್ನು ವಿವರಿಸಿದ್ದು ಹೀಗೆ: ಒಂದೇ ಅಂಗಳದಲ್ಲಿ ಎರಡು ಮನೆ. ಲಿನಕ್ಸಿನ ಮನೆಗೆ ಕಿಟಕಿ ಉಂಟು, ಅಲ್ಲಿಂದ ವಿಂಡೋಸಿನ ಮನೆಯ ಒಳಗೆ ಇರುವುದೆಲ್ಲ ಕಾಣುತ್ತದೆ. ವಿಂಡೋಸಿನ ಮನೆಯಿಂದ ನೋಡಿದರೆ ಈಚೆ ಮನೆಯೇ ಇಲ್ಲ, ಬರೀ ಖಾಲಿ ಜಾಗ.

ಕೊನೆಗೆ ಒಂದು ಫ್ಲಾಪಿ ಮಾಡಿ, ಚೀಟಿ ಅಂಟಿಸಿ, ಕರವಸ್ತ್ರದಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿ ಇಟ್ಟಿದ್ದಳು. ವಿಂಡೋಸನ್ನು ಯಾರಾದರೂ ಹೊಸತಾಗಿ ಹಾಕಿದರೆ ಅದು ತನ್ನ ಹೆಸರನ್ನಷ್ಟೇ ಬಾಗಿಲಲ್ಲಿ ಬರೆದುಕೊಳ್ಳುತ್ತದೆ. ಆಗ ಲಿನಕ್ಸಿಗೆ ಹೋಗಲು ಇದೊಂದೇ ದಾರಿ. ಅದೆಂಥದು ಎಂದು ಸೇಸಮ್ಮ ಕೇಳಿದಾಗ ನಗುತ್ತ ಅಂದಿದ್ದಳು, "ಇದು ಹೋದ್ರೆ ನನ್ನ ಕೆಲ್ಸ ಹೋದ ಹಾಗೆ ಸೇಸಕ್ಕ."

ರಜೆಯ ಮೇಲೆ ಮೊದಲ ಸಲ ಲ್ಯಾಬು ತೆರೆಯಬೇಕಿದ್ದ ಈ ದಿನ ಬೆಳಿಗ್ಗೆ ಲೋಕನಾಥರು ಜಗಲಿಯಲ್ಲಿ ನಿಂತು, ಹವೆಯ ವಿಷಯ ಹೇಳುವ ಹಾಗೆ ಹೇಳಿದ್ದರು: ದಸರಾ ರಜೆಯಲ್ಲಿ ವಿಂಡೋಸ್ ಕೈಕೊಟ್ಟಿತು, ಬೆಳ್ತಂಗಡಿಯಿಂದ ಒಬ್ಬನನ್ನು ಕರೆಸಿ ಹೊಸತಾಗಿ ಹಾಕಿಸಿದೆ, ನಿಮ್ಮದಕ್ಕೆ ಕೈ ಹಾಕಲಿಲ್ಲ ಅಂದಿದ್ದಾನೆ. ರಶೀನಾ ಗಾಬರಿಯಾಗಲಿಲ್ಲ. ಫ್ಲಾಪಿ ಇತ್ತಲ್ಲ.

ಈಗ ಅವಳು ಫ್ಲಾಪಿಯನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದಳು. ಮೇಲೆ ಒಂದು ಕಲೆಯಿಲ್ಲ. ಮೂಗಿನ ಹತ್ತಿರ ತಂದಾಗ ಗಂಧದ ವಾಸನೆ ಬಂತು. ಉಗುರಿನಿಂದ ತಗಡಿನ ಮುಚ್ಚಳವನ್ನು ಮೆಲ್ಲಗೆ ಸರಿಸಿದಳು. ಒಳಗಿನ ಕಪ್ಪು ಹಾಳೆಯ ಮೇಲೆ, ಒಣಗಿ ಬಿರುಕು ಬಿಟ್ಟ ಗಂಧದ ಒಂದು ಬೊಟ್ಟು. ಅದರ ನಡುವೆ ಸಾಸಿವೆಯಷ್ಟು ಕುಂಕುಮ.

ಬಾಗಿಲಲ್ಲಿ ಗುಡಿಸುವ ಹಿಡಿಸೂಡಿ ಹಿಡಿದು ನಿಂತಿದ್ದ ಸೇಸಮ್ಮ ನಾಚಿಕೊಂಡಳು.

"ಕಂಡಿತಾ ಟೀಚರೇ? ಆಯುಧ ಪೂಜೆಯ ದಿನ ಇಟ್ಟದ್ದು. ಕಂಪ್ಯೂಟರಿಗೆಲ್ಲ ಮಾಸ್ಟ್ರೇ ಇಟ್ರು. ನಿಮ್ಮ ಈ ಕೆಲ್ಸದ ಸಾಮಾನು ಮಾತ್ರ ಖಾನೆಯಲ್ಲಿ ಉಳ್ದಿತ್ತು. ನಿಮ್ಮವರಲ್ಲಿ ಇದೆಲ್ಲ ಆಗ್ಲಿಕ್ಕಿಲ್ಲ ಅಲ್ವಾ, ಮತ್ತೆ ನಿಮ್ಗೆ ಬೇಜಾರಾಗುದು ಬೇಡ ಅಂತ ಮೇಲೆ ಹಾಕ್ಲಿಲ್ಲ. ತಗಡಿನ ಅಡಿಯಲ್ಲಿ, ಕಾಣದ ಹಾಗೆ, ಒಂದೇ ಬೊಟ್ಟು."

ರಶೀನಾ ಆ ಮುಖ ನೋಡಿ ತಗಡನ್ನು ಮುಚ್ಚಿದಳು. "ಬೇಜಾರೆಂಥದು ಸೇಸಕ್ಕ," ಎಂದಳು. ಸೇಸಮ್ಮ ಅತ್ತ ಹೋದ ಮೇಲೆ ದುಪಟ್ಟಾದ ತುದಿಯಿಂದ ಒರೆಸಿ ನೋಡಿದಳು. ಗಂಧ ಹೋಯಿತು, ಜೊತೆಗೆ ಹಾಳೆಯ ಮೇಲೆ ಉದ್ದಕ್ಕೂ ಒಂದು ಗೀರು ಬಿತ್ತು. ಸಿ.ಡಿ. ಮೂಡುಬಿದಿರೆಯ ಮನೆಯಲ್ಲಿತ್ತು. ಹೋಗಿ ಬರಲು ಎರಡೂವರೆ ಗಂಟೆ.

ಹನ್ನೊಂದಕ್ಕೆ ಸರಿಯಾಗಿ ಜೀಪು ಬಂತು. ಸಂಚಾಲಕರು ಕುರ್ಚಿಯಲ್ಲಿ ಕೂತು, ಎಲ್ಲಿ ನಿಮ್ಮ ಎರಡನೆಯದು ಎಂದು ಕೇಳಿದರು. ಒಳಗೆ ಇದೆ, ಬಾಗಿಲು ಮಾತ್ರ ಮುಚ್ಚಿದೆ, ನಾಳೆ ಬೆಳಿಗ್ಗೆ ತೆರೆದು ತೋರಿಸುತ್ತೇನೆ ಎಂದು ಅವಳು ಹೇಳಿದಳು. ಹೇಳುವಾಗಲೇ ಅದು ನೆಪದ ಹಾಗೆ ಕೇಳುತ್ತಿದೆ ಅನಿಸಿತು. ಜೊತೆಗೆ ಬಂದವರ ಅಕ್ಕಿ ಮಿಲ್ಲಿನಲ್ಲಿ ಕಂಪ್ಯೂಟರ್ ಇತ್ತು. ಅವರು ಬಗ್ಗಿ, ಮೌಸ್ ಹಿಡಿದು ಅಲ್ಲಿ ಇಲ್ಲಿ ಒತ್ತಿ ನೋಡಿದರು.

"ಇದ್ರಲ್ಲಿ ಬೇರೆ ಎಂಥದೂ ಇಲ್ವಲ್ಲ. ಡಿಸ್ಕಿನ ಅರ್ಧ ಜಾಗವೇ ಕಾಣುದಿಲ್ಲ. ಇದ್ದದ್ದನ್ನೂ ಹಾಳು ಮಾಡಿದ್ದಾರೆ."

ಸಂಚಾಲಕರು ತಿರುಗಿದರು. "ನೀವು ನೋಡಿದ್ದೀರಾ ಮಾಸ್ಟ್ರೇ, ಎರಡೂ ಓಡುದನ್ನು?"

ಮೂರು ತಿಂಗಳು ಪ್ರತಿದಿನ ಬೆಳಿಗ್ಗೆ ಆ ಎರಡು ಹೆಸರುಗಳ ಮುಂದೆ ಕಾದು ಕೂತಿದ್ದ ಲೋಕನಾಥರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ನನಗೆ ಅದೆಲ್ಲ ಅಷ್ಟು ಗೊತ್ತಾಗುದಿಲ್ಲ," ಎಂದರು.

"ಮತ್ತೆ ಹಾಳಾದದ್ದು ಹೇಗೆ ಟೀಚರೇ?" ಎಂದು ಸಂಚಾಲಕರು ಕೇಳಿದರು.

ಸೇಸಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ರಶೀನಾ ಅವಳ ಕಡೆ ನೋಡಲಿಲ್ಲ.

"ಫ್ಲಾಪಿ ನಾನು ಸರಿಯಾಗಿ ಇಡ್ಲಿಲ್ಲ ಸರ್. ರಜೆಯಲ್ಲಿ ಮಳೆಗೆ ತಂಡಿ ಹಿಡಿದಿದೆ. ನನ್ನದೇ ತಪ್ಪು."

ಲೋಕನಾಥರು ಚಹಾ ತಗೊಳ್ಳಿ ಎಂದು ಅವಳ ಕಡೆಗೂ ಒಂದು ಲೋಟ ಸರಿಸಿದರು. "ಟೀಚರಿಗೆ ಉಪವಾಸ," ಎಂದು ಸೇಸಮ್ಮ ಮೆಲ್ಲಗೆ ಹೇಳಿ ಆ ಲೋಟವನ್ನು ಹಿಂದಕ್ಕೆ ತೆಗೆದುಕೊಂಡಳು. ರಂಜಾನ್ ತಿಂಗಳು ಸುರುವಾಗಿ ವಾರವಾಗಿತ್ತು. ರಶೀನಾ ಆರು ವರ್ಷ ದುಡಿದ ಆ ಕಟ್ಟಡದಲ್ಲಿ ಅದು ನೆನಪಿದ್ದದ್ದು ಸೇಸಮ್ಮ ಒಬ್ಬಳಿಗೆ.

ಸಂಜೆ ಲೋಕನಾಥರು ಕರೆದು ವಿಷಯ ಹೇಳಿದರು. ಸಂಚಾಲಕರ ತಂಗಿಯ ಮಗಳು ವಿಸ್ಮಿತಾ ಡಿಸೆಂಬರ್ ಎರಡಕ್ಕೆ ಆ ಖಾಯಂ ಹುದ್ದೆಗೆ ಬಂದು ಸೇರುತ್ತಾಳೆ, ಡಿಪ್ಲೊಮಾ ಆಗಿದೆ, ಹೊಸಬಳು, ಅವಳಿಗೆ ಎಲ್ಲ ತೋರಿಸಿಕೊಟ್ಟು ರಶೀನಾ ಶಾಲಾ ವರ್ಷದ ಕೊನೆಯವರೆಗೆ ಇರಬಹುದು. ಮಾತು ಮುಗಿದ ಮೇಲೂ ಅವರು ಸುಮ್ಮನಾಗಲಿಲ್ಲ.

"ಇವತ್ತು ಅದು ಓಡಿದ್ರೆ ನಾನು ನಿಮ್ಮ ಪರವಾಗಿ ಬಾಯಿ ಬಿಡ್ತಿದ್ದೆ. ನೀವೇ ಕಳ್ಕೊಂಡ್ರಿ ಟೀಚರ್."

ಗೇಟಿನ ಹತ್ತಿರ ಸೇಸಮ್ಮ ಕಾಗದದಲ್ಲಿ ಸುತ್ತಿದ ಎರಡು ಕದಳಿ ಬಾಳೆಹಣ್ಣನ್ನು ಅವಳ ಚೀಲಕ್ಕೆ ತುರುಕಿದಳು. ಬಸ್ಸಿನಲ್ಲೇ ಉಪವಾಸ ಬಿಡುವ ಬಾಂಗ್ ಆಗುತ್ತದೆ, ಬಾಯಿಗೆ ಏನಾದರೂ ಬೇಡವೇ ಎಂದಳು. ಆಮೇಲೆ ದನಿ ತಗ್ಗಿಸಿ, "ದೇವರಿಗೆ ಕಾಣ್ಲಿಲ್ವೋ ಏನೋ ಟೀಚರೇ. ಅಡಿಯಲ್ಲಿ ಇಟ್ಟದ್ದಲ್ವಾ," ಎಂದಳು.

ಬಸ್ಸು ಹೊರಟ ಮೇಲೆ ರಶೀನಾಳಿಗೆ ಸಿಟ್ಟು ಬಂತು. ಲೋಕನಾಥರ ಮೇಲಲ್ಲ, ಸಂಚಾಲಕರ ಮೇಲಲ್ಲ, ಸೇಸಮ್ಮನ ಮೇಲೆ. ಬೊಟ್ಟನ್ನು ಮೇಲೆಯೇ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಂಡಳು. ತನ್ನ ಹಣೆಯ ಮೇಲೆ ಇಟ್ಟಿದ್ದರೂ ಆಗುತ್ತಿತ್ತು. ಹೊತ್ತು ಮುಳುಗಿ, ದಾರಿಬದಿಯ ಮಸೀದಿಯಿಂದ ಬಾಂಗ್ ಕೇಳಿದಾಗ ಚೀಲದೊಳಗೆ ಕೈ ಹಾಕಿದಳು. ಬೇರೇನೂ ಇರಲಿಲ್ಲ. ಹಣ್ಣು ಸುಲಿದು ತಿಂದಳು.

ಮರುದಿನ ಯಾರಿಗೂ ಬೇಡವಾಗಿದ್ದರೂ ಸಿ.ಡಿ. ತಂದಳು. ಕೆಲಸ ಇಪ್ಪತ್ತು ನಿಮಿಷದ್ದು. ಎರಡು ಹೆಸರು ಬಂದು ನಿಂತವು. ಲಿನಕ್ಸಿನೊಳಗೆ ಹೋಗಿ, ಎಂದಿನ ರೂಢಿಯಂತೆ ಕಿಟಕಿಯಿಂದ ಆಚೆ ಮನೆಯನ್ನು ನೋಡಿದಳು. ಲೋಕನಾಥರ ಫೈಲುಗಳು ಸರಿಯಾಗಿ ಇವೆಯೇ ಎಂದು ನೋಡುವುದಷ್ಟೇ ಅವಳ ಉದ್ದೇಶ. ಸಂಬಳದ ಪಟ್ಟಿ ಇತ್ತು. ಶಾಲಾ ವಾರ್ಷಿಕೋತ್ಸವದ ಕರೆಯೋಲೆ ಇತ್ತು. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ವಿಸ್ಮಿತಾ ನೇಮಕ' ಎಂಬ ಹೆಸರಿನ ಫೈಲು. ಪಕ್ಕದಲ್ಲಿ ದಿನಾಂಕ: ಸೆಪ್ಟೆಂಬರ್ ಇಪ್ಪತ್ತೆಂಟು.

ತೆರೆದಳು. ಕನ್ನಡ ಅಕ್ಷರಗಳು ಈ ಕಡೆಯಿಂದ ಓದಲಾಗದೆ ಕೊಂಬು, ಗೀಟು, ಪ್ರಶ್ನಾರ್ಥಕ ಚಿಹ್ನೆಗಳಾಗಿ ಚೆಲ್ಲಿಕೊಂಡಿದ್ದವು. ಅಂಕೆಗಳು ಮಾತ್ರ ನೆಟ್ಟಗಿದ್ದವು. ಕೆಳಗಿನ ಸಾಲಿನಲ್ಲಿ ಡಿಸೆಂಬರ್ ಎರಡರ ತಾರೀಖು ಸ್ಪಷ್ಟವಾಗಿತ್ತು. ಆಯುಧ ಪೂಜೆ ಬಂದದ್ದು ಅಕ್ಟೋಬರ್ ಹದಿನಾಲ್ಕಕ್ಕೆ. ಈ ಪತ್ರ ಬರೆದ ದಿನ ಫ್ಲಾಪಿ ಖಾನೆಯಲ್ಲಿ, ಕರವಸ್ತ್ರದೊಳಗೆ, ಒಂದು ಕಲೆಯಿಲ್ಲದೆ ಮಲಗಿತ್ತು.

ಅವಳು ಫೈಲನ್ನು ಮುಚ್ಚಿದಳು. ಅಳಿಸಲೂ ಇಲ್ಲ, ಸರಿಸಲೂ ಇಲ್ಲ. ಕಂಪ್ಯೂಟರನ್ನು ನಿಲ್ಲಿಸಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಸೇಸಮ್ಮ ಬಂದು ಬಾಗಿಲಿಗೆ ಒರಗಿದಳು. ಕಣ್ಣು ಕೆಂಪಾಗಿತ್ತು. ಎಂಟನೆಯ ತರಗತಿಯವರ ಹತ್ತಿರ ಕೇಳಿದಳಂತೆ. ಆ ತಗಡನ್ನು ಸರಿಸಲೇಬಾರದು, ಟೀಚರ್ ಮೊದಲನೆಯ ಪಾಠದಲ್ಲೇ ಹೇಳಿಕೊಟ್ಟಿದ್ದಾರೆ ಅಂದರಂತೆ ಮಕ್ಕಳು.

"ಹಾಗಾದ್ರೆ ನನ್ನಿಂದ ಆದದ್ದಾ ಟೀಚರೇ? ನಿಜ ಹೇಳಿ."

"ಅಲ್ಲ ಸೇಸಕ್ಕ," ಎಂದಳು ರಶೀನಾ. ನಿನ್ನೆ ಆಡಿದ ಸುಳ್ಳಿಗಿಂತ ಈ ನಿಜ ಹೇಳುವುದು ಕಷ್ಟವಾಯಿತು. "ಅದಕ್ಕಿಂತ ಮೊದ್ಲೇ ಆಗಿತ್ತು."

ಸೇಸಮ್ಮ ನಂಬಿದಳೋ ಇಲ್ಲವೋ, ಸೆರಗಿನಿಂದ ಮೂಗು ಒರೆಸಿಕೊಂಡಳು. ರಶೀನಾ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಎರಡು ಹೆಸರು ಬಂದವು.

"ಬಂತಲ್ಲ," ಎಂದು ಸೇಸಮ್ಮ ಹತ್ತಿರ ಬಂದಳು. "ಇದ್ರಲ್ಲಿ ನಿಮ್ಮದು ಯಾವುದು?"

ರಶೀನಾ ಬೆರಳಿಟ್ಟು ತೋರಿಸಿದಳು. ಸೇಸಮ್ಮ ಬಗ್ಗಿ, ಓದಲು ಬಾರದ ಆ ಅಕ್ಷರಗಳನ್ನು ಮುಖ ನೋಡುವ ಹಾಗೆ ನೋಡಿದಳು. ಮೂಲೆಯಲ್ಲಿ ಅಂಕೆಗಳು ಇಳಿಯುತ್ತಿದ್ದವು. ರಶೀನಾಳ ಕೈ ಮತ್ತೆ ಮಡಿಲಿಗೆ ಹೋಗಿತ್ತು. ನಾಲ್ಕು, ಮೂರು, ಎರಡು. ಹೆಸರುಗಳು ಎರಡೂ ಹೋದವು, ಸ್ವಲ್ಪ ಹೊತ್ತು ಕತ್ತಲಾಯಿತು. ಆಮೇಲೆ ವಿಂಡೋಸಿನ ನೀಲಿ ಆಕಾಶ, ಬಿಳಿ ಮೋಡ ಬಂದು ಪರದೆಯ ತುಂಬ ನಿಂತವು.